ಏಳನೇ ಗೂಡಿನ ಜ್ವರ

ಬೆಳಗಿನ ಚಹಾ ಗುಟುಕರಿಸುತ್ತ ಲ್ಯಾಪ್‌ಟಾಪ್ ತೆರೆದ ಮಾಹಿನಾ ಲೋಟ ಬದಿಗಿಟ್ಟು ಪರದೆಯ ಹತ್ತಿರಕ್ಕೆ ಬಗ್ಗಿದಳು. ಒಟಾಗೊ ಕರಾವಳಿಯ ಪುಟ್ಟ ಪೆಂಗ್ವಿನ್‌ಗಳ ಗೂಡುಗಳಲ್ಲಿ ಅವಳು ಹದಿನಾಲ್ಕು ಸೆನ್ಸರ್ ಇಟ್ಟು ಮೂರು ವಾರವಾಗಿತ್ತು. ಹಕ್ಕಿಗಳಿಗೆ ಚುಚ್ಚದಿರಲೆಂದು ಅವನ್ನು ಬಿಳಿಯ ದುಂಡನೆ ಡಬ್ಬಿಗಳಲ್ಲಿ ಕೂರಿಸಿದ್ದಳು. ಗೂಡಿನ ಶಾಖ ಅಳೆದು, ಊರಿನ ಸುದ್ದಿ ಬಾಯಿಂದ ಬಾಯಿಗೆ ದಾಟುವ ಹಾಗೆ ಒಂದರಿಂದ ಇನ್ನೊಂದಕ್ಕೆ ರೇಡಿಯೋದಲ್ಲಿ ದಾಟಿಸಿ, ಕೊನೆಗೆ ಈ ಮೇಜಿಗೆ ಮುಟ್ಟಿಸುವುದು ಅವುಗಳ ಕೆಲಸ. ಅದೇ ಅವಳ ಪಿಎಚ್‌ಡಿ. ಮೊಟ್ಟೆಯ ಕಾಲ ಇನ್ನೂ ಬಂದಿರಲಿಲ್ಲ. ಎಲ್ಲ ಗೂಡುಗಳೂ ಹನ್ನೆರಡು ಡಿಗ್ರಿಯ ಆಸುಪಾಸಿನಲ್ಲಿದ್ದವು. ಏಳನೆಯದು ಮಾತ್ರ ಮೂವತ್ತಾರು!

"ಆಂಟಿ, ಏಳನೇದಕ್ಕೆ ಬೆಂಕಿ ಬಿದ್ದಿದೆ!"

ಮೂವತ್ತು ವರ್ಷದಿಂದ ಇದೇ ಪೆಂಗ್ವಿನ್‌ಗಳನ್ನು ಕಾಯುತ್ತಿದ್ದ ರೀಪೆಕಾ ಹೊರಗೆ ಮೀನು ಹಸನು ಮಾಡುತ್ತಿದ್ದಳು. "ಬೆಂಕಿ ಬಿದ್ರೆ ಹೊಗೆ ಬರ್ಬೇಕಲ್ವೇನೇ? ನಿನ್ನ ಡಬ್ಬಿಗೇ ಜ್ವರ ಬಂದಿರ್ಬೇಕು."

ಫೋನಿನಲ್ಲಿ ಅವಳ ಪಿಎಚ್‌ಡಿ ಗೈಡ್ ಪ್ರೊಫೆಸರ್ ಟ್ರೆಲೋರ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿದರು. "ಸೆನ್ಸರ್ ಕೆಟ್ಟಿದೆ. ಅದರ ಅಂಕಿಗಳ ಸಾಲನ್ನ ಅಳಿಸಿಬಿಡಮ್ಮ."

ಮಾಹಿನಾಳ ಬೆರಳು ಅಳಿಸುವ ಕೀಲಿಯ ಮೇಲೆ ಹೋಗಿಯೇಬಿಟ್ಟಿತ್ತು. ಒಳಗೆ ಬಂದ ರೀಪೆಕಾ ಗದರಿದಳು: "ಕಣ್ಣಾರೆ ನೋಡ್ದೆ ಅಳಿಸ್ತೀಯಾ? ನಡಿ!"

ಇಬ್ಬರೂ ನಾರುಗಿಡಗಳ ಪೊದೆಯಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ತೆವಳಿದರು. ಟಾರ್ಚ್ ಬೆಳಕು ಒಳಗೆ ಬಿದ್ದದ್ದೇ ತಡ, ಗೂಡಿನೊಳಗಿಂದ ಕತ್ತೆ ಅರಚಿದಂಥ ಕೂಗು. ಪುಟ್ಟ ನೀಲಿ ಪೆಂಗ್ವಿನ್ ಎದೆಯುಬ್ಬಿಸಿ ಕೂತಿತ್ತು. ಅದರ ಹೊಟ್ಟೆಯಡಿಯಲ್ಲಿ ಹೊಳೆಯುತ್ತಿತ್ತು, ಏಳನೇ ಸೆನ್ಸರ್!

"ಅಯ್ಯೋ, ಕಾವು ಕೊಡ್ತಿದೆ! ನನ್ನ ಸೆನ್ಸರ್‌ಗೆ ಕಾವು ಕೊಡ್ತಿದೆ!"

ರೀಪೆಕಾ ನಗುತ್ತ ಮಣ್ಣಲ್ಲೇ ಉರುಳಿದಳು. "ಮರಿ ಬಂದ್ರೆ ನಿನ್ನನ್ನೇ ಅಮ್ಮ ಅನ್ನುತ್ತೆ ಕಣೇ!"

ಮಾಹಿನಾಳಿಗೂ ನಗು ತಡೆಯಲಾಗಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ಡಬ್ಬಿಗೆ ಕೈಚಾಚಿದಳು. ಪೆಂಗ್ವಿನ್ ಬೆರಳಿಗೆ ಕುಟುಕಿತು. ಅದೇ ಕೈಗೆ ರೀಪೆಕಾ ಕೂಡ ಒಂದೇಟು ಹಾಕಿದಳು. "ಬಿಡೇ! ಅದರ ಆಸೆ ಕೆಡಿಸ್ಬೇಡ."

ಮಾಹಿನಾ ಕಳಿಸಿದ ಫೋಟೋ ನೋಡಿದ ಪ್ರೊಫೆಸರ್ ಕೂಡಲೇ ಫೋನ್ ಮಾಡಿ, "ಅಳಿಸಿಲ್ಲ ತಾನೇ?" ಎಂದರು.

ಹನ್ನೊಂದನೇ ದಿನ ಆ ಪೆಂಗ್ವಿನ್ ಎರಡು ನಿಜವಾದ ಮೊಟ್ಟೆ ಇಟ್ಟಿತು. ಸೆನ್ಸರನ್ನು ಮಾತ್ರ ಬಿಟ್ಟುಕೊಡಲಿಲ್ಲ, ನಡುವೆ ಒತ್ತರಿಸಿಕೊಂಡಿತು. ಮೊಟ್ಟೆಗೆ ತಾಯಿ ಯಾವ ಹೊತ್ತಿಗೆ ಎಷ್ಟು ಶಾಖ ಕೊಡುತ್ತಾಳೆಂಬುದು ನಿಮಿಷ ನಿಮಿಷಕ್ಕೂ ಗೂಡಿಂದ ಗೂಡಿಗೆ ಹಾರಿ ಮಾಹಿನಾಳ ಮೇಜಿಗೆ ಬರತೊಡಗಿತು. ಕೇಳದೆಯೇ ಒಲಿದುಬಂದ ಆ ಅಂಕಿಗಳ ಮುಂದೆ ಅವಳು ಕುರ್ಚಿ ತಳ್ಳಿ, ಬರಿಗಾಲಲ್ಲಿ ಕುಣಿದೇ ಕುಣಿದಳು.