ಎರಡು ಬಚ್ಚಲುಗಳ ನಡುವೆ

ನಾನು ಒಂದು ಪ್ಲಾಸ್ಟಿಕ್ ಪೈಪಿನ ತುಂಡು, ಮೊಣಕೈಯಂತೆ ಬಾಗಿದವನು. ಕಾದ ಅಚ್ಚಿನಿಂದ ಹೊರಬಿದ್ದು, ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಧೂಳು ತಿಂದು, ಕೊನೆಗೆ ಅಲ್ಲಿಯದೇ ಒಂದು ಅಪಾರ್ಟ್‌ಮೆಂಟ್ ಸೇರಿದೆ. ಮೇಲಿನ ಮನೆಯ ಬಚ್ಚಲ ನೆಲದಡಿ, ಕೆಳಗಿನ ಮನೆಯ ಬಚ್ಚಲ ನೆತ್ತಿಯ ಮೇಲೆ ನನ್ನನ್ನು ಹುಗಿದರು. ಮೇಲಿನವರು ಮೈ ತೊಳೆದ ನೀರನ್ನು ಸಾಗಿಸುವುದು ನನ್ನ ಪಾಲಿಗೆ ಬಂತು.

ಮೇಲಿದ್ದವರು ಪಟ್ಟೇದ ಸಾಹೇಬರು, ಆ ಕಟ್ಟಡದ ಸಂಘದ ಕಾರ್ಯದರ್ಶಿ. ಕೆಳಗೆ ವನಮಾಲಾಬಾಯಿ ಮತ್ತು ಹಾಸಿಗೆ ಹಿಡಿದ ಅವರ ಅಕ್ಕ ಗೋದಕ್ಕ. ತಂಗಿ ಅಕ್ಕನನ್ನು ಎತ್ತಿ ತಂದು, ಕುರ್ಚಿಯಲ್ಲಿ ಕೂರಿಸಿ, ಕೂಸಿಗೆ ಹಾಕಿದಂತೆ ನೀರು ಹಾಕುತ್ತಿದ್ದರು.

ಕೆಲವು ವರ್ಷಗಳಲ್ಲಿ ನನ್ನ ಅಂಟು ಬಿಟ್ಟಿತು. ನೀರು ಜಿನುಗಿ, ಕಾಂಕ್ರೀಟು ನೆನೆದು, ಕೆಳಗೆ ತೊಟ್ಟಿಕ್ಕತೊಡಗಿತು. ಜಳಕ ಮುಗಿಸಿ ಕೂತ ಗೋದಕ್ಕನ ನೆತ್ತಿಯ ಮೇಲೆ ಸಾಹೇಬರ ಮೈಯ ಕೊಳೆನೀರು ಬಿತ್ತು.

“ಮಳಿ ಬಂತೇನ, ವನೂ?”

“ಹೂಂ ಅಕ್ಕಾ, ಮಳಿ,” ಎಂದು ತಂಗಿ ಮತ್ತೆ ತಂಬಿಗೆ ಎತ್ತಿಕೊಂಡರು.

ಅಂದೇ ಅವರು ಮೇಲೆ ಹೋಗಿ ಕೈಮುಗಿದರು. “ಸಾಹೇಬ್ರ, ಪೈಪ್ ನಿಮ್ಮ ನೆಲದಾಗ ಅದರೀ. ಮ್ಯಾಲಿಂದನ ಒಡೀಬೇಕಂತ. ಖರ್ಚೆಲ್ಲಾ ನಾನ ಕೊಡ್ತೀನ್ರಿ.”

“ನಮ್ಮ ನೆಲಾ ಒಣಗೇ ಐತಿ. ಸೋರೂದು ನಿಮ್ಮ ಮಾಳಗಿ, ನಿಮ್ಮ ಜವಾಬ್ದಾರಿ. ಅಷ್ಟು ತ್ರಾಸಾದ್ರ ಛತ್ರಿ ಹಿಡಕೊಂಡು ಜಳಕಾ ಮಾಡ್ರಿ!”

ಒಳಗೆ ಯಾರೋ ನಕ್ಕರು. ಸಂಘಕ್ಕೆ ದೂರು ಕೊಟ್ಟರೆ ತೀರ್ಪು ಹೇಳುವವರೂ ಅದೇ ಸಾಹೇಬರು.

ವನಮಾಲಾಬಾಯಿ ನಿಜಕ್ಕೂ ಛತ್ರಿ ತಂದರು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ತಂಬಿಗೆ. ಒಂದು ಬೆಳಗ್ಗೆ ನೆನೆದ ಗಾರೆಯ ಹೆಂಟೆ ಛತ್ರಿಯನ್ನು ಹರಿದುಕೊಂಡು ಗೋದಕ್ಕನ ಹೆಗಲಿಗೆ ಬಿತ್ತು. ಆಮೇಲೆ ಬಚ್ಚಲ ಬಾಗಿಲು ಕಂಡರೆ ಸಾಕು, ಆಕೆ ಚೀರಿಕೊಳ್ಳುತ್ತಿದ್ದಳು.

ಮನೆ ಮಾರದೆ ಗತಿಯಿರಲಿಲ್ಲ. ನೋಡಲು ಬಂದವರೆಲ್ಲ ಹಸಿರುಗಟ್ಟಿದ ಬಚ್ಚಲ ಸೂರು ನೋಡಿ ಹಿಂದಿರುಗಿದರು. ಕೊನೆಗೆ ಸಾಹೇಬರೇ ಇಳಿದು ಬಂದರು. “ಇಂಥಾ ಮನಿ ಯಾರ್ ತಗೋತಾರ್ರೀ? ನಿಮ್ಮ ಕಷ್ಟ ನೋಡ್ಲಾರ್ದ ನಾನ ತಗೋತೀನಿ,” ಎಂದು ತಾವು ಹೇಳಿದ ಅಗ್ಗದ ಬೆಲೆಗೆ ಬರೆಸಿಕೊಂಡರು. ಅಕ್ಕತಂಗಿಯರು ಟೆಂಪೋ ಹತ್ತಿ ಹೋದರು. ಎಲ್ಲಿಗೆಂದು ಯಾರೂ ಕೇಳಲಿಲ್ಲ.

ಮರುದಿನವೇ ನನ್ನ ಮೇಲೆ ಸುತ್ತಿಗೆ ಬಿತ್ತು. ಎರಡು ಟೈಲ್ಸ್ ಎದ್ದವು, ನಾನು ಹೊರಬಂದೆ. ಊಟದ ಹೊತ್ತಿಗೆ ಕೆಲಸವೇ ಮುಗಿದಿತ್ತು.

ಈಗ ಕಾಂಪೌಂಡಿನ ಮೂಲೆಯಲ್ಲಿ, ಒಡೆದ ಗಾರೆಯ ಗುಡ್ಡೆಯಲ್ಲಿ ಬಿದ್ದಿದ್ದೇನೆ. ಬೆರಳಗಲದ ಅಂಟಿನಲ್ಲಿ ನಾನು ಸರಿಹೋಗುತ್ತಿದ್ದೆ. ನನ್ನ ಸೋರಿಕೆಯನ್ನು ಜೋಪಾನವಾಗಿ ಕಾಯ್ದುಕೊಂಡವರು ಮನುಷ್ಯರು. ನನ್ನನ್ನು ಕಿತ್ತ ದಿನ ಸಾಹೇಬರು ಕೆಲಸದವನಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ:

“ಚಂದಂಗ ಕೂಡಿಸೋ. ಒಂದ್ ಹನಿ ಬೀಳಬಾರ್ದು. ಕೆಳಗ ನನ್ನ ಮಗಳು ಇರಾಕಿ.”