ಹೊರಸಿನ ಪಕ್ಕದ ಬೋಳು ನೆಲ

ಕಂಪ್ಲಿಯ ಹೊಳೆದಂಡೆಯಲ್ಲಿದ್ದ ಎರಡೆಕರೆ ಎರೆಹೊಲದಿಂದ ಗರಿಕೆಹುಲ್ಲನ್ನು ಬೇರುಸಹಿತ ಹೊರಹಾಕಲು ಜಡೆಪ್ಪನವರಿಗೆ ಮೂರು ಬೇಸಿಗೆಗಳು ಹಿಡಿದಿದ್ದವು. ಮೊಳದಾಳ ಅಗೆದು, ಹೆಂಟೆ ಒಡೆದು, ಒಂದೊಂದು ಬಿಳಿ ಬೇರನ್ನೂ ಕೈಯಿಂದಲೇ ಆಯ್ದು ಸುಟ್ಟಿದ್ದರು. ಸಾಲಿನ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ಹೆಂಡತಿ ನೀಲಗಂಗಮ್ಮ. ಊರಿನವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ನಾಲ್ಕನೆಯ ವರ್ಷದ ಭಾದ್ರಪದದಲ್ಲಿ ಹಿರಿಯ ರೈತ ಕಾಳಪ್ಪ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಹೊಲಕ್ಕಿಳಿದ. ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ನೋಡುತ್ತ ನಡೆದು, ಕೊನೆಗೆ ಸೊಂಟ ನೆಟ್ಟಗೆ ಮಾಡಿಕೊಂಡು, “ಲೇ ಜಡೆಪ್ಪ, ಗಣಪ್ಪಗ ಏರಿಸಾಕ ಒಂದೆಸಳು ಕರಿಕಿನೂ ಉಳಿಸಿಲ್ಲಲ್ಲೋ” ಎಂದ. ಅದಕ್ಕಿಂತ ದೊಡ್ಡ ಸನ್ಮಾನ ಜಡೆಪ್ಪನವರ ಬಾಳಿನಲ್ಲಿ ಮತ್ತೊಂದು ಆಗಲಿಲ್ಲ.

ಈಗ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಹೊಸಪೇಟೆಯ ಬಡಾವಣೆಯೊಂದರಲ್ಲಿ, ಅದೇ ಗರಿಕೆಯನ್ನು ಬದುಕಿಸಲು ಅವರು ನೋಯುವ ಮಂಡಿಗಳನ್ನು ಊರಿ ಕುಳಿತಿದ್ದರು.

ನೀಲಗಂಗಮ್ಮ ತೀರಿಕೊಂಡ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು, ಮಗ ಹಾಲೇಶನ ಮನೆಗೆ ಬಂದು ಎರಡು ವರ್ಷವಾಗಿತ್ತು. ಬರುವಾಗ ಅವರು ತಂದದ್ದು ಹಗ್ಗ ಹೆಣೆದ ಗಿಡ್ಡ ಮಂಚ, ತಮ್ಮ ಹೊರಸು, ಒಂದನ್ನೇ. ಮನೆಯ ಸುತ್ತ ಎಲ್ಲಿ ಕಾಲಿಟ್ಟರೂ ಸಿಮೆಂಟು. ಮುಂದಿನ ಹುಲ್ಲಿನ ತುಂಡು ನೆಲವೊಂದೇ ಅಂಗಾಲಿಗೆ ಮಣ್ಣು ಮುಟ್ಟಿಸುತ್ತಿತ್ತು. ಆ ಹುಲ್ಲನ್ನು ಮೊದಲ ಸಲ ಕಂಡಾಗ, ನಾವು ಕಿತ್ತು ಸುಟ್ಟದ್ದನ್ನು ನೀನು ಗಾಡಿಯಲ್ಲಿ ತರಿಸಿದೆಯಲ್ಲೋ ಎಂದು ಅವರು ಮಗನನ್ನು ಹಾಸ್ಯ ಮಾಡಿದ್ದರು. ಆದರೂ ಹೊರಸನ್ನು ಅಲ್ಲಿಯೇ ಹಾಕಿಸಿಕೊಂಡರು. ಹಾಲೇಶ ಪಂಪ್‌ಸೆಟ್ ಅಂಗಡಿಗೆ, ಸೊಸೆ ಶಾಲೆಗೆ, ಮೊಮ್ಮಗಳು ಸೌಜನ್ಯ ಕಾಲೇಜಿಗೆ ಹೊರಟುಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಎಂಬ ಸದ್ದು ಉಳಿಯುತ್ತಿತ್ತು. ಅದನ್ನು ಕೇಳಲಾರದೆ ಅವರು ಹೊರಗೆ ಬಂದು ಸಂಜೆಯವರೆಗೆ ಹೊರಸಿನ ಮೇಲೆ ಮಗ್ಗುಲಾಗಿರುತ್ತಿದ್ದರು.

ಹೊರಸಿನ ಬಲಪಕ್ಕದಲ್ಲಿ ಹುಲ್ಲು ತೆಳುವಾಗುತ್ತ ಬಂದು, ಮೊರದಗಲ ನೆಲ ಪೂರ್ತಿ ಬೋಳಾಗಿತ್ತು. ಹಾಲೇಶ ಅದನ್ನು ನೋಡಿ ಬೇಸತ್ತಿದ್ದ.

“ಅಪ್ಪಾ, ಚೌತಿಗೆ ಬೀಗರು ಬರ್ತಾರ. ಅಷ್ಟರಾಗ ಹಸಿರಾದ್ರ ಸರಿ. ಇಲ್ಲಾಂದ್ರ ಎಲ್ಲಾ ಕಿತ್ತಿಸಿ ಟೈಲ್ಸ್ ಹಾಕಿಸ್ತೀನಿ.”

“ಚೌತಿಗೆ ಹಸಿರು ತೋರಿಸ್ತೀನಿ” ಎಂದು ಜಡೆಪ್ಪನವರು ಮಾತು ಕೊಟ್ಟರು. ಕರಿಕಿಯ ಗುಣ ತನಗಿಂತ ಯಾರಿಗೆ ಗೊತ್ತು ಎಂಬ ಠೀವಿ ಆ ದನಿಯಲ್ಲಿತ್ತು.

ಗಟ್ಟಿಯಾದ ಮಣ್ಣನ್ನು ಕುರ್ಪಿಯಿಂದ ಗೇಣಾಳ ಸಡಿಲಿಸಿದರು. ಜರಡಿ ಹಿಡಿದ ತಿಪ್ಪೆಗೊಬ್ಬರ ಬೆರೆಸಿದರು. ಗೋಡೆಯಂಚಿನ ದಟ್ಟ ಹುಲ್ಲಿನಿಂದ ಗಿಣ್ಣುಳ್ಳ ಬಳ್ಳಿಗಳನ್ನು ಕತ್ತರಿಸಿ ತಂದು, ನಾಲ್ಕು ಬೆರಳಿನ ಅಂತರದಲ್ಲಿ ನೆಟ್ಟು, ಅಂಗೈಯಿಂದ ಒತ್ತಿ, ಬೆಳಿಗ್ಗೆ ಸಂಜೆ ಚಿಮುಕಿಸುವಷ್ಟೇ ನೀರು ಕೊಟ್ಟರು. ಎಂಟನೆಯ ದಿನ ಹಸಿರು ಮೂಡಿತು. ಹದಿನೈದನೆಯ ದಿನಕ್ಕೆ ನೆಲ ಮತ್ತೆ ಬೋಳು.

ಗೆದ್ದಲೆಂದು ಬೇವಿನ ಹಿಂಡಿ ಹಾಕಿದರು. ಪಕ್ಕದ ಮನೆಯ ನಾಯಿಯೆಂದು ಕಡ್ಡಿ ನೆಟ್ಟು ದಾರ ಕಟ್ಟಿದರು. ಮತ್ತೆ ನೆಟ್ಟರು. ಈ ಸಲ ಕಳ್ಳನನ್ನು ಹಿಡಿದೇ ಬಿಡಬೇಕೆಂದು ದಿನವಿಡೀ ಹೊರಸಿನಿಂದ ಏಳದೆ ಕಾವಲು ಕಾದರು. ಕಾವಲಿದ್ದಷ್ಟೂ ಹುಲ್ಲು ಬೇಗ ಬೇಗ ಮಾಯವಾಯಿತು. ಚೌತಿಗೆ ಹನ್ನೆರಡು ದಿನ ಉಳಿದಿತ್ತು.

ಆ ದಿನ ಸೌಜನ್ಯ ಬೇಗ ಬಂದಳು. ಗೇಟಿನ ಬಳಿಯೇ ನಿಂತಳು. ತಾತ ಬಲಮಗ್ಗುಲಾಗಿ ಮಲಗಿ ರಸ್ತೆಯ ಕಡೆ ನೋಡುತ್ತಿದ್ದರು. ಇಳಿಬಿಟ್ಟ ಎಡಗೈ ಮಾತ್ರ ದಾರದ ಬೇಲಿಯೊಳಗೆ ತನ್ನ ಪಾಡಿಗೆ ತಾನು ಓಡಾಡುತ್ತಿತ್ತು. ಹೆಬ್ಬೆರಳು ಬುಡ ಹಿಡಿಯುವುದು, ತುಸು ತಿರುಚುವುದು, ಬೇರು ಮುರಿಯದಂತೆ ಎಳೆಯುವುದು. ಹೊರಸಿನ ಕೆಳಗೆ ಕಿತ್ತ ಹುಲ್ಲು, ಬೇರುಗಳೆಲ್ಲ ಒಂದೇ ಕಡೆಗೆ ಬರುವಂತೆ ಒಪ್ಪವಾಗಿ ಸೇರಿಕೊಂಡಿತ್ತು.

ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ತಾತ, ಕೈಯಾಗೇನೈತಿ?”

ಜಡೆಪ್ಪನವರು ಕೈ ಬಿಚ್ಚಿದರು. ಬೆಳ್ಳನೆಯ ಬೇರಿನ ಮೂರು ಎಸಳು. ಬಹಳ ಹೊತ್ತು ಅದನ್ನೇ ನೋಡಿದರು; ಮುಖದ ಠೀವಿಯೆಲ್ಲ ಇಳಿದುಹೋಯಿತು.

“ನಿಮ್ಮಪ್ಪಗ ಹೇಳವ್ವ, ಟೈಲ್ಸ್ ಹಾಕಿಸ್ಲಿ. ಈ ಕೈ ನನ್ನ ಮಾತು ಕೇಳಂಗಿಲ್ಲ.” ಎಸಳುಗಳನ್ನು ಹೊರಸಿನ ಮೇಲಿಟ್ಟು, “ನಿಮ್ಮವ್ವ ಆ ಕಡಿಗೆ ಕುಂತು ಮಾತಾಡ್ತಿದ್ಲು. ನಾನು ಹೂಂ ಅಂತ ಕೀಳ್ತಿದ್ದೆ. ಈಗ ಮಾತಿಲ್ಲ. ಕೈಗೇನು ಗೊತ್ತು?”

ನಿಮ್ಮವ್ವ ಎಂದರೆ ತನ್ನ ಅಜ್ಜಿ ನೀಲಗಂಗಮ್ಮ ಎಂದು ಸೌಜನ್ಯಳಿಗೆ ತಿಳಿಯಿತು. ಅವಳು ಒಳಗೆ ಹೋಗಲಿಲ್ಲ. ಚೀಲ ಇಳಿಸಿ, ಬೋಳು ನೆಲದ ಆಚೆ ಬದಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಕಂಪ್ಲಿಯ ಹೊಲವನ್ನು ಎಷ್ಟು ಆಳ ಅಗೆದಿದ್ದಿರಿ ಎಂದು ವಿಚಾರಿಸಿದಳು. ಉತ್ತರ ಕೊಡಲು ಜಡೆಪ್ಪನವರು ಎದ್ದು ಕೂರಬೇಕಾಯಿತು. ಆಳ ತೋರಿಸಲು ಮೊಳಕೈ ಎತ್ತಬೇಕಾಯಿತು. ಬೇರು ಎಷ್ಟು ದಪ್ಪವಿತ್ತೆಂದು ಹೇಳಲು ಎರಡೂ ಕೈಯ ಬೆರಳುಗಳು ಬೇಕಾದವು. ಕತೆಯಲ್ಲಿ ಕಾಳಪ್ಪ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹೊತ್ತಿಗೆ ಬೀದಿದೀಪ ಹತ್ತಿತ್ತು. ಅಷ್ಟು ಹೊತ್ತೂ ಕೈಗಳು ನೆಲಕ್ಕಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಮೂರನೆಯ ಸಲ ನೆಟ್ಟರು. ಸೌಜನ್ಯ ದಿನವೂ ಕಾಲೇಜಿನಿಂದ ನೇರವಾಗಿ ಅಲ್ಲಿಗೇ ಬಂದಳು. ಅವಳು ಬರುವವರೆಗಿನ ಹಗಲು ಉದ್ದವಾಗಿಯೇ ಇತ್ತು. ಆ ಹಗಲುಗಳಲ್ಲಿ ಜಡೆಪ್ಪನವರು ಎರಡೂ ಅಂಗೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂರುತ್ತಿದ್ದರು.

ಚೌತಿಯ ಹಿಂದಿನ ದಿನ ಹಾಲೇಶ ಬಗ್ಗಿ ನೋಡಿದ. ತೆಳುವಾಗಿ, ಎಳೆಯದಾಗಿ ಹಸಿರು ಇತ್ತು. ಇರಲಿ ಬಿಡು, ದೀಪಾವಳಿವರೆಗೆ ನೋಡೋಣ ಎಂದು ಒಳಗೆ ಹೋದ.

ಸಂಜೆ ಸೌಜನ್ಯ ಆಚೆ ಬದಿಗೆ ಕುಳಿತು ಪುಸ್ತಕ ಓದುತ್ತಿದ್ದಳು. ಹೇಳುವುದೆಲ್ಲ ಮುಗಿದಿತ್ತು. ಹೊರಸಿನ ಅಂಚಿನಿಂದ ಮುದಿ ಕೈಯೊಂದು ನಿಧಾನವಾಗಿ ಕೆಳಗಿಳಿಯಿತು. ಸೌಜನ್ಯ ಪುಸ್ತಕ ಮಡಿಸಿದಳು.

“ತಾತ, ಕಾಳಪ್ಪ ಚಪ್ಲಿ ಬಿಟ್ಟು ಹೊಲಕ್ಕ ಇಳಿದಿದ್ದು ಇನ್ನೊಮ್ಮೆ ಹೇಳು.”