ಎಡಗಡೆಯಿಂದ ಬರುವ ಜನ

ಅರಕಲಗೂಡಿನ ಪರಮೇಶ ಇಪ್ಪತ್ನಾಲ್ಕು ವರ್ಷದಿಂದ ಸರ್ಕಾರಿ ಬಸ್ಸು ಓಡಿಸುತ್ತಿದ್ದವನು. ಹಾಸನದಿಂದ ಅರಕಲಗೂಡು, ಅಲ್ಲಿಂದ ಕೊಣನೂರು, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಬೆಳಗಿನ ಜಾವ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಬಸ್ಸು ಹತ್ತಿದರೆ, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಕೀ ತಿರುಗಿಸುತ್ತಿದ್ದ. ಈ ಕ್ರಮವನ್ನು ಆಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ ಎಂಬುದು ಮನೆಯವರಿಗೆ ನಗುವ ವಿಷಯವಾಗಿತ್ತು.

ಆಟವೆಂದರೆ ಕಂಪ್ಯೂಟರ್ ಆಟ. ಮಗಳು ಪ್ರತಿಭಾ ಊರಿನ ಫೋಟೋ ಸ್ಟುಡಿಯೋಗೆ ಮದುವೆ ಆಲ್ಬಂ ಮಾಡಿಕೊಡುವವಳು. ಆ ಕೆಲಸಕ್ಕೆಂದು ಮನೆಯಲ್ಲಿ ದೊಡ್ಡ ಪರದೆಯ ಕಂಪ್ಯೂಟರ್ ಇತ್ತು. ಅಪ್ಪನ ವಾರದ ರಜೆಯಲ್ಲೊಂದು ದಿನ ತಮಾಷೆಗೆ ಬಸ್ಸು ಓಡಿಸುವ ಆಟ ಹಾಕಿಕೊಟ್ಟಳು. ಐದು ನಿಮಿಷ ನೋಡಿ ಎದ್ದು ಹೋಗುತ್ತಾನೆ ಅಂದುಕೊಂಡಿದ್ದರೆ, ಆತ ಹೆಂಡತಿ ಗಂಗಾಂಬಿಕೆ ಮೂರು ಸಲ ಊಟಕ್ಕೆ ಕರೆದರೂ ಏಳಲಿಲ್ಲ. ಮುಂದಿನ ತಿಂಗಳು ಪ್ರತಿಭಾ ಯಾರೋ ಬಳಸಿ ಬಿಟ್ಟಿದ್ದ ಆಟದ ಸ್ಟಿಯರಿಂಗು, ಪೆಡಲ್ಲು ತಂದು ಜೋಡಿಸಿದಳು. ವಾರವೆಲ್ಲ ಬಸ್ಸು ಓಡಿಸಿದವನು ರಜೆಯ ದಿನವೂ ಬಸ್ಸು ಓಡಿಸುವುದನ್ನು ಕಂಡು ಗಂಗಾಂಬಿಕೆ, ಸಂಬಳವಿಲ್ಲದ ಡ್ಯೂಟಿ ಶುರುವಾಯಿತು ಅಂದಳು.

ಆಡಿದ್ದರ ಬಗ್ಗೆ ಅಭಿಪ್ರಾಯ ಹೇಳುವುದಂತೂ ಪರಮೇಶನಿಗೆ ಆಟದಷ್ಟೇ ಇಷ್ಟ. ಅವನು ಹೇಳುವುದು, ಪ್ರತಿಭಾ ಟೈಪ್ ಮಾಡಿ ಇಂಟರ್ನೆಟ್ಟಿನಲ್ಲಿ ಆ ಆಟದ ಪುಟದ ಕೆಳಗೆ ಹಾಕುವುದು. ಮೊದಲನೆಯದು ಯಾವುದೋ ಪರದೇಶದ ಪಟ್ಟಣದ ಆಟ. ಅದರ ರಸ್ತೆ ಒಪ್ಪವಾಗಿದೆ, ಬಸ್ಸು ಬೆಣ್ಣೆಯಂತೆ ಹೋಗುತ್ತದೆ, ಆದರೆ ಹತ್ತಿದವರು ಸಾವಿನ ಮನೆಗೆ ಹೊರಟವರಂತೆ ತುಟಿ ಬಿಚ್ಚುವುದಿಲ್ಲ; ಚಿಲ್ಲರೆಗೆ ಜಗಳವಿಲ್ಲದ ಬಸ್ಸು ಬಸ್ಸೇ ಅಲ್ಲ ಎಂದು ಬರೆಸಿದ. ಎರಡನೆಯದು ನಮ್ಮ ಕಡೆಯ ಹುಡುಗರೇ ಕೆಂಪು ಬಸ್ಸು ಬರೆದು, ನಮ್ಮ ಕಡೆಯದೇ ರಸ್ತೆ ಸೇರಿಸಿದ್ದ ಆಟ. ಅದರ ಗೇರಿನ ಸದ್ದಿಗೆ ಪರಮೇಶ ಪೂರ್ತಿ ಅಂಕ ಕೊಟ್ಟ. ಬ್ರೇಕಿಗೆ ಮಾತ್ರ ಕೊಡಲಿಲ್ಲ. ಅರವತ್ತು ಜನ ತುಂಬಿದ ಬಸ್ಸೂ ಖಾಲಿ ಬಸ್ಸೂ ಒಂದೇ ಜಾಗದಲ್ಲಿ ನಿಲ್ಲುವುದು ಯಾವ ನ್ಯಾಯ ಎಂದು ಕೇಳಿದ. ಮೂರನೆಯದು ಲಾರಿಯ ಆಟ. ನೂರಾರು ಮೈಲಿ ಸುಮ್ಮನೆ ಹೋಗುವುದು. ಪಂಚಾಕ್ಷರಿ ಜಪಕ್ಕೆ ಇದಕ್ಕಿಂತ ಒಳ್ಳೆಯ ಆಟವಿಲ್ಲ ಎಂದು ಹೇಳಿ, ಅದನ್ನು ಬರೆಯಬೇಡ ಅಂದ.

ಮೂರಕ್ಕೂ ಕೊನೆಯಲ್ಲಿ ಒಂದು ದೂರು ಇರುತ್ತಿತ್ತು. ಎಡಗಡೆಯಿಂದ ಜನ, ಗಾಡಿ ದಿಢೀರನೆ ಬಂದುಬಿಡುತ್ತವೆ. ಆಟ ಮಾಡಿದವರು ಇದನ್ನು ಸರಿಪಡಿಸಬೇಕು.

ಕೆಂಪು ಬಸ್ಸಿನ ಆಟ ಮಾಡಿದವರಲ್ಲಿ ರಜನೀಶ್ ಎಂಬಾತ ಚನ್ನರಾಯಪಟ್ಟಣದವನು. ಅವನು ಮರ್ಯಾದೆಯಿಂದಲೇ ಉತ್ತರ ಬರೆದ. ಬ್ರೇಕಿನ ಮಾತು ನಿಜ, ಸರಿಮಾಡುತ್ತೇನೆ. ಆದರೆ ಜನ ದಿಢೀರನೆ ಬರುವಂತೆ ನಾನು ಮಾಡಿಲ್ಲ ಸರ್, ನೂರು ಮೀಟರ್ ಮೊದಲೇ ರಸ್ತೆ ಬದಿಯಲ್ಲಿ ನಿಂತಿರುತ್ತಾರೆ, ಬೇರೆ ಯಾರೂ ಈ ದೂರು ಹೇಳಿಲ್ಲ. ಪರಮೇಶ ಅದನ್ನು ಓದಿಸಿ ಕೇಳಿ, ತಪ್ಪು ಒಪ್ಪಿಕೊಳ್ಳುವವರು ಯಾರಿದ್ದಾರೆ ಎಂದು ನಕ್ಕ.

ಪ್ರತಿಭಾ ನಗಲಿಲ್ಲ. ಮೂರು ಆಟ, ಮೂರನ್ನೂ ಮಾಡಿದವರು ಬೇರೆ ಬೇರೆ, ದೂರು ಮಾತ್ರ ಒಂದೇ. ಮುಂದಿನ ರಜೆಯ ದಿನ ಅಪ್ಪ ಆಡಿದ್ದನ್ನು ಅವನಿಗೆ ಹೇಳಿಯೇ ರೆಕಾರ್ಡ್ ಮಾಡಿದಳು. ಆ ದಿನ ಆಟದಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಬಸ್ಸಿಗೆ ತಗುಲಿ ಬಿದ್ದಳು. ನೋಡಿದೆಯಾ, ಎಲ್ಲಿಂದ ಬಂದಳು ಹೇಳು ನೋಡೋಣ ಎಂದು ಪರಮೇಶ ಸಿಡುಕಿದ. ಪ್ರತಿಭಾ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿ ಮೆಲ್ಲಗೆ ಬಿಟ್ಟಳು. ಬೆರಳನ್ನು ಪರದೆಯ ಎಡ ಅಂಚಿನಲ್ಲಿ ಇಟ್ಟಳು. ಬೆರಳಿನ ಜಾಡು ಹಿಡಿದು ಕತ್ತು ಹೊರಳಿಸಿದಾಗ ಪರಮೇಶನಿಗೂ ಕಂಡಿತು. ಹಸಿರು ಸೀರೆ ಹುಣಸೆಮರದ ಕೆಳಗೆ ಕೈ ಅಡ್ಡ ಹಿಡಿದು ನಿಂತಿತ್ತು.

“ಅವ್ಳು ಬರ್ಲಿಲ್ಲ ಅಪ್ಪಾಜಿ. ಮೊದ್ಲಿಂದ್ಲೂ ನಿಂತೇ ಅವ್ಳೆ.”

ಪರಮೇಶ ಇನ್ನೊಂದು ಸಲ ಹಾಕಿಸಿದ. ಮತ್ತೊಂದು ಸಲ ಹಾಕಿಸಿದ. ಆಮೇಲೆ ಎದ್ದು ಹೊರಗೆ ಜಗಲಿಯ ಮೇಲೆ ಕೂತ.

ಕೂತವನಿಗೆ ಬೇರೆ ಬೇರೆ ಸಂಗತಿಗಳು ನೆನಪಾದವು. ಕೊಣನೂರಿನ ಈಚೆಯ ಹಳ್ಳಿಯ ಚಿಕ್ಕಲಕ್ಷ್ಮಮ್ಮ, ಸಂತೆಗೆ ಸೊಪ್ಪು ಹೊತ್ತು ಹೋಗುವವಳು, ಕೈ ಹಿಡಿದರೂ ನಿಲ್ಲಿಸದೆ ಹೋದ ಎಂದು ಮಾರನೆಯ ದಿನ ಬಸ್ಸು ಹತ್ತಿ ಎಲ್ಲರ ಮುಂದೆ ಬೈದಿದ್ದಳು. “ಯಾನಪ್ಪಾ ಡ್ರೈವರಪ್ಪ, ಕಣ್ಣು ನೆತ್ತಿಗೋಗ್ಯದಾ ನಿಂಗೆ?” ಎಂದಿದ್ದಳು. ಬಸ್ಸೆಲ್ಲ ನಕ್ಕಿತ್ತು, ಇವನೂ ನಕ್ಕಿದ್ದ. ಕಂಡಕ್ಟರ್ ಅಶೋಕ ಈಚೆಗೆ ಬಾಗಿಲಲ್ಲೇ ನಿಂತು, ಜನ ಇದ್ದ ಕಡೆಯೆಲ್ಲ ಬೇಗನೆ ಸೀಟಿ ಊದುತ್ತಿದ್ದ. ಹುಡುಗ ಚುರುಕಾದ ಎಂದು ಪರಮೇಶ ಮೆಚ್ಚಿಕೊಂಡಿದ್ದ. ಅವನು ಸೀಟಿ ಊದುತ್ತಿದ್ದುದು ಯಾಕೆಂದು ಈಗ ತಿಳಿಯಿತು.

ಮುಂದಿನ ತಿಂಗಳು ಡಿಪೋದಲ್ಲಿ ಡ್ರೈವರುಗಳ ಕಣ್ಣಿನ ಪರೀಕ್ಷೆ ನಡೆಯಲಿತ್ತು. ಗೋಡೆಯ ಮೇಲಿನ ಅಕ್ಷರ ಓದಬೇಕು, ಅಷ್ಟೇ. ಎದುರಿಗಿರುವ ಅಕ್ಷರ ಅವನಿಗೆ ಕೊನೆಯ ಸಾಲಿನವರೆಗೂ ನಿಚ್ಚಳವಾಗಿ ಕಾಣುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಿವೃತ್ತಿಗೆ ಉಳಿದ ಆರು ವರ್ಷ ಅದೇ ಸೀಟಿನಲ್ಲಿ ಕಳೆಯಬಹುದು. ಮಗಳು ಯಾರಿಗೂ ಹೇಳುವವಳಲ್ಲ. ಅಂದು ಸಂಜೆ ಪೂಜೆಗೆ ಕೂತವನು ಅಂಗೈಯ ಲಿಂಗವನ್ನೇ ನೋಡುತ್ತಿದ್ದ. ಅದು ಸ್ಪಷ್ಟವಾಗಿ ಕಂಡಿತು. ಎಡಪಕ್ಕದಲ್ಲಿ ಉರಿಯುತ್ತಿದ್ದ ದೀಪ ಕಾಣಲಿಲ್ಲ. ಇಷ್ಟು ದಿನ ಅದನ್ನು ಏಕಾಗ್ರತೆ ಅಂದುಕೊಂಡಿದ್ದೆನಲ್ಲ ಶಿವನೇ ಎಂದು ಅವನಿಗೆ ಒಂಥರಾ ನಗು ಬಂತು. ಪೂಜೆ ಮುಗಿಸಿ ಎದ್ದು ಎರಡು ದಿನ ರಜೆ ಹೇಳಿದ.

ಹಾಸನದ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕಣ್ಣೊಳಗಿನ ಒತ್ತಡ ನೋಡಿದರು, ಆಮೇಲೆ ಒಂದು ಕತ್ತಲ ಕೋಣೆಗೆ ಕಳಿಸಿದರು. ಅಲ್ಲಿ ತೇಜಶ್ರೀ ಎಂಬ ಹುಡುಗಿ ಅವನ ಬಲಗಣ್ಣಿಗೆ ಬಟ್ಟೆ ಕಟ್ಟಿ, ಬೋಗುಣಿಯಂಥ ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಿದಳು. ಕೈಗೊಂದು ಗುಂಡಿ ಕೊಟ್ಟಳು. ನಡುವಿನ ಚುಕ್ಕಿಯಿಂದ ನೋಟ ಕದಲಿಸಬಾರದು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಒತ್ತಬೇಕು ಎಂದಳು. ಪರಮೇಶ ಅಭ್ಯಾಸದಂತೆ ಗುಂಡಿಯನ್ನು ಕಣ್ಣಿಗೊತ್ತಿಕೊಳ್ಳಹೋದ. ಗದ್ದ ಅಲುಗಾಡಿಸಬೇಡಿ ಎಂದು ಅವಳು ತಡೆದಳು.

ಬೆಳಕು ಮಿನುಗಿತು, ಒತ್ತಿದ. ಮಿನುಗಿತು, ಒತ್ತಿದ. ಸ್ವಲ್ಪ ಹೊತ್ತಿನಲ್ಲೇ ಅವನಿಗೆ ಆಟದ ಲಯ ಸಿಕ್ಕಿತು. ಯಂತ್ರ ಒಳಗೆ ಸಣ್ಣಗೆ ಸದ್ದು ಮಾಡುತ್ತಿತ್ತು, ಸದ್ದಿನ ಹಿಂದೆಯೇ ಬೆಳಕು. ಕೆಲವು ಸಲ ಸದ್ದಾಗಿ ಬೆಳಕು ಬರುತ್ತಿರಲಿಲ್ಲ. ಬರುತ್ತಿರಲಿಲ್ಲವೋ, ತನಗೆ ಕಾಣುತ್ತಿರಲಿಲ್ಲವೋ. ಆಗಲೂ ಲಯ ಹಿಡಿದು ಒತ್ತಿಬಿಟ್ಟರೆ ಅರ್ಧಕ್ಕರ್ಧ ಗೆಲ್ಲಬಹುದು ಎಂದು ಆಟಗಾರನ ಬುದ್ಧಿ ಹೇಳಿತು. ಹೆಬ್ಬೆರಳು ಗುಂಡಿಯ ಮೇಲೆ ಬಿಗಿಯಾಯಿತು. ಪರಮೇಶ ಮನಸ್ಸಿನಲ್ಲಿ ಪಂಚಾಕ್ಷರಿ ಹೇಳಿಕೊಳ್ಳುತ್ತ, ಕಂಡದ್ದಕ್ಕಷ್ಟೇ ಒತ್ತಿದ. ಕಾಣದ ಸದ್ದುಗಳನ್ನು ಹಾಗೆಯೇ ಹೋಗಗೊಟ್ಟ. ಅಂಥವು ಬಹಳ ಇದ್ದವು.

ಎಷ್ಟೋ ಹೊತ್ತಾದ ಮೇಲೆ ಕೇಳಿದ. “ಎಡಗಡೆ ಯಾವಾಗ ಸುರು ಮಾಡ್ತೀಯವ್ವಾ?”

ಹುಡುಗಿ ಹೇಳಿದಳು. “ಎಡಗಡೆನೂ ಬಂದು ಹೋಯ್ತು ಸಾರ್.”

ಯಂತ್ರ ನಿಂತಿತು. ಮೊದಲ ಸಲ ಕೆಲವರು ಗಾಬರಿಯಲ್ಲಿ ಒತ್ತುವುದೇ ಇಲ್ಲ, ಬೇಕಾದರೆ ಈ ಕಣ್ಣಿಗೆ ಇನ್ನೊಂದು ಸಲ ಮಾಡೋಣ ಎಂದು ಅವಳು ಸಮಾಧಾನ ಹೇಳಿದಳು.

“ಬ್ಯಾಡ ಕಣವ್ವಾ,” ಎಂದ ಪರಮೇಶ. “ಆಟ ಸರಿಯಾಗೇ ಅದೆ.”

ಬಲಗಣ್ಣಿನದೂ ಮುಗಿಯಿತು. ಡಾಕ್ಟರು ಕರೆಯುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರಲು ತೇಜಶ್ರೀ ಹೇಳಿದಳು. ಅವನು ಕೂತು, ಫೋನ್ ತೆಗೆದು ಡಿಪೋಗೆ ಮಾಡಿದ. ನಾಳಿದ್ದು ಬೆಳಗಿನ ಕೊಣನೂರು ಬಸ್ಸಿಗೆ ಬೇರೆ ಡ್ರೈವರನ್ನು ಹಾಕಿಕೊಳ್ಳಿ ಎಂದ. ಎಷ್ಟು ದಿನಕ್ಕೆ ಎಂದು ಆ ಕಡೆಯವರು ಕೇಳಿದಾಗ, ಇನ್ನು ಮೇಲೆ ಯಾವಾಗಲೂ ಎಂದು ಹೇಳಿ, ಕಾರಣವನ್ನೂ ನಿಧಾನವಾಗಿ ತಿಳಿಸಿದ.